ಬಿಲ್ಲಿನಂತೆ ಬಾಗಿದ ಕೌದಿ ನೆಟ್ಟಗಾದದ್ದು

ಎರಡೂವರೆ ಇಂಚು ಅಗಲಕ್ಕೆ ಮೊದಲೇ ಕತ್ತರಿಸಿ ಸುರುಳಿ ಸುತ್ತಿ ಮಾರುವ ಹತ್ತಿಬಟ್ಟೆಯ ಪಟ್ಟಿಗಳನ್ನು ತರಿಸಿ, ಕಲಬುರಗಿಯ ನಮ್ಮ ಮನೆಯಲ್ಲಿ ಕೌದಿಯ ಮೇಲ್ಪದರ ಹೊಲಿಯಲು ಕುಳಿತಾಗ, ಎಂಟನೆಯ ಪಟ್ಟಿಯ ಹೊತ್ತಿಗೆ ಅದು ಬಿಲ್ಲಿನಂತೆ ಬಾಗಿತ್ತು. ಬಟ್ಟೆಯನ್ನೇ ಬೈದುಕೊಂಡೆ, ತಪ್ಪು ನನ್ನದಾಗಿತ್ತು. ಪ್ರತಿ ಪಟ್ಟಿಯನ್ನೂ ಒಂದೇ ತುದಿಯಿಂದ ಹೊಲಿಯುತ್ತಿದ್ದೆ. ಮಷಿನ್ನಿನ ಹಲ್ಲುಗಳು ಕೆಳಗಿನ ಬಟ್ಟೆಯನ್ನು ಮೇಲಿನದಕ್ಕಿಂತ ತುಸು ಬೇಗ ಎಳೆಯುವುದರಿಂದ ಆ ಕೂದಲೆಳೆಯಷ್ಟು ವ್ಯತ್ಯಾಸ ಪ್ರತಿ ಹೊಲಿಗೆಯಲ್ಲೂ ಒಂದೇ ಕಡೆಗೆ ಸೇರುತ್ತಾ ಹೋಗಿತ್ತು. ಎಲ್ಲವನ್ನೂ ಬಿಚ್ಚಿ, ಎರಡೆರಡು ಪಟ್ಟಿಗಳನ್ನು ಜೋಡಿ ಮಾಡಿ, ಜೋಡಿಗಳನ್ನು ಕೂಡಿಸುವಾಗ ಎದುರು ತುದಿಯಿಂದ ಹೊಲಿದೆ. ಇಸ್ತ್ರಿಯನ್ನು ಎಳೆದಾಡದೆ ಎತ್ತೆತ್ತಿ ಒತ್ತಿದೆ. ಕೈಯಿಂದಲೇ ಹೊಲಿಯುತ್ತಿದ್ದ ಅಜ್ಜಿಗೆ ಈ ಕಾಟವೇ ಇರಲಿಲ್ಲ. ಈಗ ಕೌದಿ ಹಾಸಿದರೆ ಅದರ ಅಂಚು ನೆಲದ ಶಹಾಬಾದ್ ಕಲ್ಲಿನ ಸಂದಿಗೆರೆಗೆ ಸರಿಯಾಗಿ ಕೂಡುತ್ತದೆ.