ಕಟ್ಟಿದ ಎಣ್ಣೆ, ಉಬ್ಬಿದ ಸೆಲ್

ಧನುರ್ಮಾಸದ ಬೆಳಗ್ಗೆ ಬದಿಯಡ್ಕದ ನಮ್ಮ ಮನೆಯಲ್ಲಿ ತೆಂಗಿನೆಣ್ಣೆ ಬಾಟಲಿಯೊಳಗೇ ಕಟ್ಟಿಕೊಂಡಿರುತ್ತದೆ. ಅಮ್ಮ ಅದನ್ನು ಒಲೆಯ ಪಕ್ಕ ಇಡುತ್ತಾಳೆ. ಲ್ಯಾಬಿನಲ್ಲಿ ನನ್ನ ಕೆಲಸ ಶುರುವಾಗುವುದೂ ಹೀಗೆಯೇ. ಚಳಿ, ಬಿಸಿ ಎರಡನ್ನೂ ತಾಳುವ ಲಿಥಿಯಂ-ಅಯಾನ್ ಬ್ಯಾಟರಿಯ ಒಳದ್ರವ (ಎಲೆಕ್ಟ್ರೋಲೈಟ್) ಬೆರೆಸುವುದು ಆ ಕೆಲಸ. ಅದರಲ್ಲಿನ ಮುಖ್ಯ ದ್ರಾವಕ ಎಥಿಲೀನ್ ಕಾರ್ಬೊನೇಟ್ ಕರಗುವುದು ಸುಮಾರು 36 ಡಿಗ್ರಿ ಸೆಲ್ಸಿಯಸ್‌ಗೆ. ಎಸಿ ಕೋಣೆಯಲ್ಲಿ ಕಲ್ಲುಸಕ್ಕರೆಯಂತೆ ಕೂತಿರುತ್ತದೆ, ಬೆಚ್ಚಗೆ ಮಾಡಿಯೇ ಅಳೆಯಬೇಕು.

ಹಾಗೆಂದು ಬಿಡುವಂತಿಲ್ಲ. ಮೊದಲ ಚಾರ್ಜಿನಲ್ಲಿ ಸೆಲ್ಲಿನ ಋಣ ಎಲೆಕ್ಟ್ರೋಡಾದ ಗ್ರಾಫೈಟಿನ ಮೇಲೆ ಕಾಪಾಡುವ ಪೊರೆ ಕಟ್ಟುವುದು ಇದೇ. ಇದರ ತಮ್ಮನಂತಿರುವ ಪ್ರೊಪಿಲೀನ್ ಕಾರ್ಬೊನೇಟ್ ಮೈನಸ್ 49ರವರೆಗೆ ಗಟ್ಟಿಯಾಗದು. ಆದರೆ ಗ್ರಾಫೈಟನ್ನು ಬಾಳೆದಿಂಡಿನ ಪದರ ಬಿಡಿಸಿದ ಹಾಗೆ ಬಿಡಿಸಿ ಹಾಕುತ್ತದೆ.

ಎಥಿಲೀನ್ ಕಾರ್ಬೊನೇಟನ್ನು ಐದನೇ ಒಂದಕ್ಕಿಳಿಸಿ, ಉಳಿದದ್ದಕ್ಕೆ ತೆಳು ದ್ರಾವಕಗಳಾದ ಎಥಿಲ್ ಮೀಥೈಲ್ ಕಾರ್ಬೊನೇಟ್, ಮೀಥೈಲ್ ಅಸಿಟೇಟ್ ಸೇರಿಸಿದೆ. ಮೈನಸ್ 20ರ ಫ್ರೀಜರಿನಿಂದ ತೆಗೆದ ಸೀಸೆ ಅಲುಗಿಸಿದರೆ ನೀರಿನಂತೆ ಕುಲುಕಿತು. ಗೆದ್ದೆ ಅಂದುಕೊಂಡೆ. ಅದೇ ಚಳಿಯಲ್ಲಿ ಸೆಲ್ ಚಾರ್ಜಿಗಿಟ್ಟರೆ ವೋಲ್ಟೇಜ್ ಸರ್ರನೆ ಮಿತಿ ಮುಟ್ಟಿತು, ಒಳಗೆ ಹೋದದ್ದು ಅಷ್ಟಕ್ಕಷ್ಟೆ. ಸೆಲ್ ಬಿಚ್ಚಿದೆ. ಪೂರ್ತಿ ಚಾರ್ಜಾದ ಗ್ರಾಫೈಟ್ ಹೊಂಬಣ್ಣಕ್ಕೆ ತಿರುಗಬೇಕು. ನನ್ನದರ ಮೇಲೆ ಬೂದು ಬೂದಾಗಿ ಲಿಥಿಯಂ ಲೋಹ ಕೂತಿತ್ತು.

ಲಿಥಿಯಂ ಅಯಾನು ದ್ರವದಲ್ಲಿ ಸರಾಗ ಓಡಾಡುತ್ತಿತ್ತು. ತಡೆ ಇದ್ದದ್ದು ಗ್ರಾಫೈಟಿನ ಬಾಗಿಲಲ್ಲಿ. ಸುತ್ತ ಅಂಟಿಕೊಂಡ ದ್ರಾವಕದ ಅಣುಗಳನ್ನು ಕಳಚಿಟ್ಟೇ ಅದು ಒಳಹೋಗಬೇಕು, ಚಳಿಯಲ್ಲಿ ಆ ಕಳಚುವಿಕೆ ಬಹಳ ನಿಧಾನ. ಇಷ್ಟು ತಿಳಿಯಲು ಒಂದು ವರ್ಷ ಹಿಡಿಯಿತು. ಹೆಪ್ಪುಗಟ್ಟುವ ಬಿಂದುವನ್ನೇ ನೋಡುತ್ತ ಕೂತದ್ದು ನನ್ನ ಪೆದ್ದುತನ. ಆಮೇಲೆ ಲಿಥಿಯಂ ಮೇಲೆ ಹಿಡಿತ ಸಡಿಲವಿರುವ, ಪೊರೆಯನ್ನೂ ಚೆನ್ನಾಗಿ ಕಟ್ಟುವ ಫ್ಲೋರೋಎಥಿಲೀನ್ ಕಾರ್ಬೊನೇಟ್ ಸ್ವಲ್ಪ ಸೇರಿಸಿದೆ.

ಚಳಿಗೆ ಸರಿಯಾಯಿತು. ಆದರೆ 55 ಡಿಗ್ರಿಯ ಓವನ್ನಿನಲ್ಲಿಟ್ಟ, ಮೆತ್ತನೆಯ ಹಾಳೆಚೀಲದ ಪೌಚ್ ಸೆಲ್ ಪೂರಿಯಂತೆ ಉಬ್ಬಿತು! ಲಿಥಿಯಂ ಹೆಕ್ಸಾಫ್ಲೋರೋಫಾಸ್ಫೇಟ್ ಎಂಬ ಮಾಮೂಲಿ ಲವಣಕ್ಕೆ ಬಿಸಿಯೂ ಆಗದು, ನೀರಿನ ಪಸೆಯೂ ಆಗದು. ಪಸೆ ತಾಗಿದರೆ ಹೈಡ್ರೋಫ್ಲೋರಿಕ್ ಆಮ್ಲ ಹುಟ್ಟುತ್ತದೆ. ಅದು ಜುಲೈ. ಮಳೆಗಾಲದಲ್ಲಿ ಅಡಿಕೆ ಒಣಗಿಸಿದವರಿಗೆ ಗೊತ್ತು ನಮ್ಮೂರ ಗಾಳಿ ಎಂಥದ್ದೆಂದು. ಎಲೆಕ್ಟ್ರೋಡುಗಳನ್ನು ಅವಸರದಲ್ಲಿ ಅರೆಬರೆ ಒಣಗಿಸಿದ್ದೆ. ಈಗ ಇಡೀ ರಾತ್ರಿ ವ್ಯಾಕ್ಯೂಮ್ ಓವನ್ನಿನಲ್ಲಿಟ್ಟ ಮೇಲೆಯೇ ಸೆಲ್ ಜೋಡಿಸುವ ಪಸೆಯಿಲ್ಲದ ಪೆಟ್ಟಿಗೆಗೆ, ಅಂದರೆ ಗ್ಲೌವ್ ಬಾಕ್ಸಿಗೆ.

ಲವಣದ ಒಂದು ಪಾಲನ್ನೂ ಬದಲಿಸಿದೆ. ಲಿಥಿಯಂ ಎಫ್‌ಎಸ್‌ಐ ಎಂಬ ಇನ್ನೊಂದು ಲವಣ ಬಿಸಿ ಹೆಚ್ಚು ತಾಳುತ್ತದೆ, ಆದರೆ ಅದೊಂದನ್ನೇ ಹಾಕಿದರೆ ಹೆಚ್ಚಿನ ವೋಲ್ಟೇಜಿನಲ್ಲಿ ಧನ ಎಲೆಕ್ಟ್ರೋಡಿನ ಅಲ್ಯೂಮಿನಿಯಂ ಹಾಳೆ ಸವೆದುಹೋಗುತ್ತದೆ. ಹಳೇ ಲವಣವನ್ನು ಅದಕ್ಕೇ ಪೂರ್ತಿ ಬಿಡಲಿಲ್ಲ.

ಮೈನಸ್ 20ರಲ್ಲಿ ಮೆಲ್ಲಗೆ ಚಾರ್ಜ್ ಮಾಡಿದರೆ ಈಗ ಹೊಂಬಣ್ಣ ಬರುತ್ತದೆ. ಬಿಸಿಗೆ ಇನ್ನೂ ಕೊಂಚ ಉಬ್ಬುತ್ತದೆ. ಮೀಥೈಲ್ ಅಸಿಟೇಟ್ ಮೇಲೆ ನನಗೆ ಸಂಶಯ. ಅದನ್ನು ಬೇರೆ ಬೇರೆ ಪ್ರಮಾಣಕ್ಕಿಳಿಸಿದ ಆರು ಸೆಲ್‌ಗಳು ಸದ್ಯ ಓವನ್ನಿನಲ್ಲಿವೆ.