ಮೋವರ್‌ನ ಹೈಡ್ರಾಲಿಕ್ ಆಯಿಲ್ ನಾನೇ ಬದಲಾಯಿಸಿದ್ದು

ನಾವಿರುವುದು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ. ಮನೆ ಸುತ್ತ ಒಂದು ಎಕರೆಗಿಂತ ಸ್ವಲ್ಪ ಜಾಸ್ತಿ ಹುಲ್ಲು, ಅರ್ಧ ಭಾಗ ಇಳಿಜಾರು. ಕೂತು ಓಡಿಸುವ ಜೀರೋ ಟರ್ನ್ ಮೋವರ್ (ನಿಂತಲ್ಲೇ ತಿರುಗಬಲ್ಲ, ಹುಲ್ಲು ಕತ್ತರಿಸುವ ಗಾಡಿ) ಇದೆ, ಸೆಕೆಂಡ್ ಹ್ಯಾಂಡ್ ಕೊಂಡಿದ್ದು. ಹೋದ ಜುಲೈನಲ್ಲಿ ಅದು ಕೈಕೊಡಲು ಶುರುವಾಯಿತು. ಮೊದಲ ಮುಕ್ಕಾಲು ಗಂಟೆ ಚೆನ್ನಾಗಿ ಓಡುತ್ತದೆ, ಬಿಸಿಯಾದ ಮೇಲೆ ಏರು ಹತ್ತುವಾಗ ಎಡಗಡೆ ಚಕ್ರ ಸೋಲುತ್ತದೆ, ಎಂಜಿನ್ ಸದ್ದು ಹಾಗೇ ಇದೆ, ಬ್ಲೇಡ್ ತಿರುಗುತ್ತಿದೆ, ಗಾಡಿ ಮಾತ್ರ ಹೋಗಲ್ಲ. ಅರ್ಧ ಗಂಟೆ ನೆರಳಲ್ಲಿ ಬಿಟ್ಟರೆ ಮತ್ತೆ ಸರಿ.

ಬೆಲ್ಟ್ ಜಾರುತ್ತಿದೆಯೇನೋ ಅಂದುಕೊಂಡೆ. ಆದರೆ ಎಡ ಬಲ ಚಕ್ರಗಳನ್ನು ಓಡಿಸುವ ಎರಡು ಪಂಪಿಗೂ ಒಂದೇ ಬೆಲ್ಟ್, ಅದು ಜಾರಿದರೆ ಎರಡೂ ಚಕ್ರ ಸೋಲಬೇಕಿತ್ತು ಅಲ್ವಾ? ಹಾಗಾಗಿ ಆಯಿಲ್ ಮೇಲೆ ಅನುಮಾನ ಬಂತು. ಈ ಗಾಡಿಗಳಲ್ಲಿ ಗೇರ್ ಬದಲಿಸುವ ಮಾತೇ ಇಲ್ಲ. ಪಂಪ್ ಆಯಿಲನ್ನು ಒತ್ತುತ್ತದೆ, ಆ ಒತ್ತಡವೇ ಮೋಟರನ್ನು ತಿರುಗಿಸಿ ಚಕ್ರ ಓಡಿಸುತ್ತದೆ. ಹಳೇ ಆಯಿಲ್ ಬಿಸಿಗೆ ನೀರಿನಂತೆ ತೆಳುವಾದರೆ ಒಳಗಿನ ಸಂದಿಗಳಲ್ಲಿ ಸೋರಿಹೋಗುತ್ತದೆ, ತಳ್ಳುವ ಶಕ್ತಿ ಉಳಿಯುವುದಿಲ್ಲ.

ಊರಲ್ಲಿ ಅಪ್ಪ ಗದ್ದೆ ಕೆಸರು ಹೊಡೆದು ಬಂದ ಮೇಲೆ ಟ್ರ್ಯಾಕ್ಟರಿನ ಡಿಪ್‌ಸ್ಟಿಕ್ ಎಳೆದು ನೋಡುತ್ತಿದ್ದರು. ಆಯಿಲ್ ಹಾಲು ಬೆರೆಸಿದಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ ಅಂತ ಅರ್ಥ. ನಾನೂ ಮೊದಲು ಅದನ್ನೇ ನೋಡಿದೆ. ನೀರಿರಲಿಲ್ಲ, ಆದರೆ ಕಪ್ಪಗಾಗಿ ಸುಟ್ಟ ವಾಸನೆ ಬರುತ್ತಿತ್ತು. ಹಿಂದಿನವರು ಒಮ್ಮೆಯೂ ಬದಲಾಯಿಸಿದ ಹಾಗಿರಲಿಲ್ಲ.

ಮ್ಯಾನುಯಲ್ ಓದಿದಾಗ ಆಶ್ಚರ್ಯವಾಯಿತು. ನನ್ನ ಗಾಡಿಗೆ ಹೇಳಿರುವುದು 20ಡಬ್ಲ್ಯೂ-50 (ಆಯಿಲ್ ಎಷ್ಟು ದಪ್ಪ ಅಂತ ಹೇಳುವ ದರ್ಜೆ) ಎಂಜಿನ್ ಆಯಿಲ್. ಹೈಡ್ರಾಲಿಕ್ ಅಂತ ಡಬ್ಬದ ಮೇಲೆ ಬರೆದಿದೆ ಅಂತ ಯಾವುದೋ ಒಂದನ್ನು ಸುರಿಯಬೇಡಿ, ನಿಮ್ಮ ಮಾಡೆಲಿಗೆ ಏನು ಹೇಳಿದ್ದಾರೋ ಅದನ್ನೇ ಹಾಕಿ.

ಮೊದಲು ಗಾಡಿ ಪೂರ್ತಿ ತೊಳೆದು ಒಣಗಿಸಿದೆ. ಕೂಲಿಂಗ್ ಫ್ಯಾನ್ ಸುತ್ತ ಹುಲ್ಲು ಗಟ್ಟಿಯಾಗಿ ಕೂತಿತ್ತು, ಬಿಸಿ ಏರಲು ಅದೂ ಒಂದು ಕಾರಣ. ಒಂದು ಕಣ ಮಣ್ಣು ಒಳಗೆ ಹೋದರೂ ಪಂಪಿಗೆ ಗೀರು ಬೀಳಬಹುದು, ಆದ್ದರಿಂದ ಈ ಕೆಲಸಕ್ಕೆ ಅವಸರ ಮಾಡಲಿಲ್ಲ. ಮುಂದಿನ ಚಕ್ರಕ್ಕೆ ಅಡ್ಡ ಕೊಟ್ಟು, ಹಿಂಭಾಗ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿದೆ, ಬರೀ ಜಾಕ್ ನಂಬಬೇಡಿ. ಎರಡೂ ಫಿಲ್ಟರ್ ಬಿಚ್ಚಿ ಆಯಿಲ್ ಪೂರ್ತಿ ಇಳಿಯಲು ಬಿಟ್ಟೆ. ಹೊಸ ಫಿಲ್ಟರಿನ ರಬ್ಬರ್ ರಿಂಗಿಗೆ ಆಯಿಲ್ ಸವರಿ, ಕೈಯಲ್ಲೇ ತಿರುಗಿಸಿ ಬಿಗಿ ಮಾಡಿದೆ. ಆಮೇಲೆ ಪಂಪಿನ ಮೇಲ್ಭಾಗದ ಪ್ಲಗ್ ತೆಗೆದಿಟ್ಟುಕೊಂಡು ಟ್ಯಾಂಕಿನಿಂದ ನಿಧಾನವಾಗಿ ಆಯಿಲ್ ಸುರಿದೆ. ಆ ರಂಧ್ರದಲ್ಲಿ ಆಯಿಲ್ ಕಾಣಿಸಿದಾಗ ಪ್ಲಗ್ ಹಾಕಿ, ಟ್ಯಾಂಕನ್ನು ಗಾಡಿ ತಣ್ಣಗಿದ್ದಾಗ ಆಯಿಲ್ ಇರಬೇಕಾದ ಗೆರೆವರೆಗೆ ತುಂಬಿಸಿದೆ.

ಇಷ್ಟಕ್ಕೇ ನಿಲ್ಲಿಸಿದರೆ ಎಲ್ಲ ವ್ಯರ್ಥ. ಒಳಗೆ ಗಾಳಿ ಸಿಕ್ಕಿಕೊಂಡಿರುತ್ತದೆ. ಆಯಿಲ್ ಒತ್ತಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ, ಹಾಗಾಗಿ ಚಕ್ರ ಜರ್ಕ್ ಹೊಡೆಯುತ್ತದೆ, ಪಂಪ್ ಕಿರುಗುಟ್ಟುತ್ತದೆ. ಚಕ್ರಗಳು ನೆಲ ಮುಟ್ಟದಂತೆ ಇಟ್ಟುಕೊಂಡೇ ಬೈಪಾಸ್ (ಆಯಿಲ್ ಚಕ್ರವನ್ನು ತಳ್ಳದೆ ಸುತ್ತಿಹೋಗಲು ಬಿಡುವ ವಾಲ್ವ್) ತೆರೆದು, ಎಂಜಿನ್ ಶುರು ಮಾಡಿ, ಲಿವರನ್ನು ನಿಧಾನವಾಗಿ ಮುಂದೆ ಹಿಂದೆ ಐದಾರು ಸಲ ಆಡಿಸಿದೆ. ಎಂಜಿನ್ ನಿಲ್ಲಿಸಿ, ಬೈಪಾಸ್ ಮುಚ್ಚಿ ಮತ್ತೆ ಅದೇ ಕೆಲಸ. ಟ್ಯಾಂಕಿನಲ್ಲಿ ಗುಳ್ಳೆ ಬುಳಬುಳ ಅಂತ ಬಂತು, ಆಯಿಲ್ ಮಟ್ಟ ಇಳಿಯಿತು, ಮತ್ತೆ ತುಂಬಿಸಿದೆ. ಮೂರನೇ ಸಲಕ್ಕೆ ಕಿರುಗುಟ್ಟುವುದು ನಿಂತಿತು. ಆ ಮೌನ ಕೇಳಿ ನಿಜಕ್ಕೂ ಖುಷಿಯಾಯಿತು.

ಹಳೇ ಆಯಿಲನ್ನು ಡಬ್ಬಕ್ಕೆ ತುಂಬಿಸಿ ಬಿಡಿಭಾಗದ ಅಂಗಡಿಗೆ ಕೊಟ್ಟೆ, ದುಡ್ಡು ಕೇಳದೆ ತೆಗೆದುಕೊಂಡರು. ಆ ಶನಿವಾರ ಇಳಿಜಾರನ್ನು ಮೊದಲು ಮುಟ್ಟದೆ ಕೊನೆಗೆ ಇಟ್ಟುಕೊಂಡೆ, ಗಾಡಿ ಚೆನ್ನಾಗಿ ಕಾದಿರಲಿ ಅಂತ. ಒಂದೂಕಾಲು ಗಂಟೆ ಆದ ಮೇಲೆ ಏರು ಹತ್ತಿಸಿದೆ, ಎಡ ಚಕ್ರ ಸೋಲದೆ ಹತ್ತಿತು. ಮಾರನೇ ದಿನ ತಣ್ಣಗಿದ್ದಾಗ ಟ್ಯಾಂಕ್ ನೋಡಿದರೆ ಗೆರೆಗಿಂತ ಒಂದು ಬೆರಳು ಕೆಳಗಿತ್ತು, ಅಷ್ಟು ಮತ್ತೆ ಹಾಕಿದೆ.