ಎಚ್‌ಬಿಸಿಯುನಲ್ಲಿ ಮೇಷ್ಟ್ರಾಗುವ ಮುಂಚೆ: ಸಂಶೋಧನೆಯ ದುಡ್ಡು, ಸಮಯ ಎಲ್ಲಿಂದ ಬರುತ್ತದೆ

ಅಮೆರಿಕದಲ್ಲಿ ಪಿಎಚ್‌ಡಿ, ಪೋಸ್ಟ್‌ಡಾಕ್ ಮುಗಿಸಿ ಕೆಲಸ ಹುಡುಕುತ್ತಿರುವ ನಮ್ಮವರ ಕಣ್ಣಿಗೆ ಒಂದಲ್ಲ ಒಂದು ದಿನ ಎಚ್‌ಬಿಸಿಯು, ಅಂದರೆ ಕಪ್ಪು ಜನರಿಗೆಂದು ಶುರುವಾದ ಕಾಲೇಜಿನ ಜಾಹೀರಾತು ಬೀಳುತ್ತದೆ. ಟಸ್ಕೀಗಿ, ಮಾರ್ಗನ್ ಸ್ಟೇಟ್, ಪ್ರೇರಿ ವ್ಯೂ, ಜಾಕ್ಸನ್ ಸ್ಟೇಟ್, ಹೀಗೆ. "ಅಲ್ಲಿ ರಿಸರ್ಚ್ ಆಗಲ್ಲ, ಬರೀ ಪಾಠ" ಅಂತ ಯಾರೋ ಹೇಳಿಬಿಡುತ್ತಾರೆ. ಆ ಮಾತು ತಪ್ಪು. ಅಲ್ಲಿ ಸಂಶೋಧನೆ ಆಗುತ್ತದೆ, ಒಳ್ಳೆಯದೇ ಆಗುತ್ತದೆ. ಆದರೆ ಅದಕ್ಕೆ ಬೇಕಾದ ದುಡ್ಡೂ ಸಮಯವೂ ಬೇರೆ ದಾರಿಯಲ್ಲಿ ಬರುತ್ತವೆ. ಆ ದಾರಿ ತಿಳಿದು ಹೋದವರು ನೆಲೆ ನಿಲ್ಲುತ್ತಾರೆ, ತಿಳಿಯದೆ ಹೋದವರು ಬೇಗ ಸೋತುಹೋಗುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಎಚ್‌ಬಿಸಿಯು ಅಂದರೆ ಏನು ಅಂತ ನೋಡೋಣ. ಕಪ್ಪು ಜನರಿಗೆ ಓದು ಕೊಡಲೆಂದೇ 1964ಕ್ಕೆ ಮುಂಚೆ ಶುರುವಾದ, ಮಾನ್ಯತೆ ಇರುವ ಕಾಲೇಜುಗಳಿಗೆ 1965ರ ಉನ್ನತ ಶಿಕ್ಷಣ ಕಾಯ್ದೆ ಕೊಟ್ಟ ಗುರುತು ಅದು. ಇಂಥವು ಈಗ ಸುಮಾರು 100 ಇವೆ, ಹೆಚ್ಚಿನವು ದಕ್ಷಿಣದ ರಾಜ್ಯಗಳಲ್ಲಿ. ಎಲ್ಲಕ್ಕಿಂತ ಹಳೆಯದು ಪೆನ್ಸಿಲ್ವೇನಿಯಾದ ಚೇನಿ, 1837ರದು. ಸುಮಾರು ಅರ್ಧದಷ್ಟು ಸರ್ಕಾರಿ, ಉಳಿದರ್ಧ ಖಾಸಗಿ. ಯಾವ ಜನಾಂಗದವರು ಬೇಕಾದರೂ ಸೇರಿ ಓದಬಹುದು. ಬೋಧಕರಲ್ಲಂತೂ ಭಾರತೀಯರು ಎಷ್ಟೋ ಕಾಲದಿಂದ ಇದ್ದಾರೆ, ಅದರಲ್ಲೂ ಎಂಜಿನಿಯರಿಂಗ್, ಗಣಿತ, ಕೃಷಿ ವಿಭಾಗಗಳಲ್ಲಿ.

ಈ ಕಾಲೇಜುಗಳ ಲ್ಯಾಬು ಯಾಕೆ ಚಿಕ್ಕದು, ಸಿಬ್ಬಂದಿ ಯಾಕೆ ಕಡಿಮೆ? ಸ್ವಲ್ಪ ಇತಿಹಾಸ ಬೇಕಾಗುತ್ತದೆ. 1862ರ ಮಾರಿಲ್ ಕಾಯ್ದೆ ಪ್ರತಿ ರಾಜ್ಯಕ್ಕೂ ಜಮೀನು ಕೊಟ್ಟು ಕೃಷಿ, ಎಂಜಿನಿಯರಿಂಗ್ ಕಲಿಸುವ ಕಾಲೇಜು ಕಟ್ಟಿಸಿತು. ದಕ್ಷಿಣದ ರಾಜ್ಯಗಳು ಅವುಗಳೊಳಕ್ಕೆ ಕಪ್ಪು ವಿದ್ಯಾರ್ಥಿಗಳನ್ನು ಬಿಟ್ಟುಕೊಳ್ಳಲಿಲ್ಲ. 1890ರಲ್ಲಿ ಎರಡನೇ ಕಾಯ್ದೆ ಬಂತು. ಒಂದೋ ಎಲ್ಲರನ್ನೂ ಸೇರಿಸಿಕೊಳ್ಳಿ, ಇಲ್ಲವೇ ಕಪ್ಪು ಜನರಿಗೆ ಬೇರೆ ಕಾಲೇಜು ಕೊಡಿ ಎಂದಿತು. ಆ ರಾಜ್ಯಗಳು ಬೇರೆಯದನ್ನೇ ಕೊಟ್ಟವು, ಆದರೆ ಸಮನಾಗಿ ಕೊಡಲಿಲ್ಲ. "1890 ಸಂಸ್ಥೆಗಳು" ಎನ್ನುವ ಹೆಸರು ಬಂದದ್ದು ಹೀಗೆ. ಇವತ್ತು ಅಂಥವು 19 ಇವೆ.

ಟೆನೆಸಿಯ ಲೆಕ್ಕ ನಮಗೆ ಹತ್ತಿರದ್ದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 1964ರಲ್ಲಿ ಶುರುವಾದಾಗ ಅಮೆರಿಕದ ಇದೇ ಜಮೀನು ಕಾಲೇಜುಗಳ ಮಾದರಿಯಲ್ಲಿ ಕಟ್ಟಿದರು, ನೆರವಿಗೆ ಬಂದದ್ದು ಟೆನೆಸಿ ವಿಶ್ವವಿದ್ಯಾಲಯ. ಅದು 1862ರ ಸಾಲಿನದು. ಅದೇ ರಾಜ್ಯದ 1890ರ ಸಂಸ್ಥೆ ನ್ಯಾಶ್‌ವಿಲ್‌ನ ಟೆನೆಸಿ ಸ್ಟೇಟ್. 2023ರ ಸೆಪ್ಟೆಂಬರಿನಲ್ಲಿ ಅಮೆರಿಕದ ಶಿಕ್ಷಣ ಕಾರ್ಯದರ್ಶಿ ಮತ್ತು ಕೃಷಿ ಕಾರ್ಯದರ್ಶಿ ಸೇರಿ 16 ರಾಜ್ಯಗಳ ಗವರ್ನರುಗಳಿಗೆ ಪತ್ರ ಬರೆದರು. ವಿದ್ಯಾರ್ಥಿಯ ತಲೆಗೆ 1862ರ ಸಂಸ್ಥೆಗಳಷ್ಟೇ ಕೊಟ್ಟಿದ್ದರೆ 1987ರಿಂದ 2020ರವರೆಗೆ ಈ ಕಪ್ಪು ಸಂಸ್ಥೆಗಳಿಗೆ ಇನ್ನೂ 1,200 ಕೋಟಿ ಡಾಲರಿಗಿಂತ ಜಾಸ್ತಿ ಸಿಗಬೇಕಿತ್ತು ಅಂತ ಅದರಲ್ಲಿತ್ತು. ಟೆನೆಸಿ ಸ್ಟೇಟ್ ಒಂದಕ್ಕೇ ಸುಮಾರು 210 ಕೋಟಿ ಡಾಲರು ಕೊರತೆ. ನಮ್ಮ ಹೆಬ್ಬಾಳಕ್ಕೆ ನೆರವಾದ ರಾಜ್ಯ ತನ್ನದೇ ಊರಿನ ಕಪ್ಪು ಮಕ್ಕಳ ಕಾಲೇಜಿಗೆ ಇಷ್ಟು ಕಡಿಮೆ ಕೊಟ್ಟಿತು. ಅಲ್ಲಿ ಕೆಲಸಕ್ಕೆ ಸೇರುವವರು ಇದನ್ನು ತಿಳಿದುಕೊಂಡೇ ಹೋಗಬೇಕು ಅನ್ನುವುದು ನನ್ನ ಅಭಿಪ್ರಾಯ. ಹಳೆಯ ಕಟ್ಟಡ ನೋಡಿ "ಇವರಿಗೆ ನಡೆಸೋಕೆ ಬರಲ್ಲ" ಅನ್ನುವ ಮಾತು ಆಮೇಲೆ ಬಾಯಿಗೆ ಬರುವುದಿಲ್ಲ.

ಇನ್ನೊಂದು ಅಳತೆ. ಜಾನ್ಸ್ ಹಾಪ್ಕಿನ್ಸ್ ಎನ್ನುವ ಒಂದೇ ವಿಶ್ವವಿದ್ಯಾಲಯ ವರ್ಷಕ್ಕೆ ಸಂಶೋಧನೆಗೆ ಖರ್ಚು ಮಾಡುವ ದುಡ್ಡು, ಎಲ್ಲಾ ಎಚ್‌ಬಿಸಿಯುಗಳ ಸಂಶೋಧನಾ ಖರ್ಚನ್ನು ಕೂಡಿಸಿದರೂ ಅದಕ್ಕಿಂತ ಜಾಸ್ತಿ. ವಿಶ್ವವಿದ್ಯಾಲಯಗಳನ್ನು ದರ್ಜೆಗಳಾಗಿ ವಿಂಗಡಿಸುವ ಕಾರ್ನೆಗಿ ಪಟ್ಟಿಯಲ್ಲಿ ಮೇಲಿನ ದರ್ಜೆಯಾದ ಆರ್1 ಆಗಬೇಕಾದರೆ ವರ್ಷಕ್ಕೆ 5 ಕೋಟಿ ಡಾಲರು ಸಂಶೋಧನಾ ಖರ್ಚು, 70 ಸಂಶೋಧನಾ ಡಾಕ್ಟರೇಟು ಬೇಕು. 2025ರಲ್ಲಿ ಆ ಮಟ್ಟ ಮುಟ್ಟಿದ ಎಚ್‌ಬಿಸಿಯು ಒಂದೇ, ವಾಷಿಂಗ್ಟನ್ನಿನ ಹೊವಾರ್ಡ್. ಹಾಗಂತ ಮಕ್ಕಳು ಕಡಿಮೆಯವರಲ್ಲ. ವಿಜ್ಞಾನದಲ್ಲಿ ಪಿಎಚ್‌ಡಿ ಪಡೆಯುವ ಕಪ್ಪು ಹೆಣ್ಣುಮಕ್ಕಳಲ್ಲಿ ಬಹಳ ಜನ ಮೊದಲ ಪದವಿ ಓದಿದ್ದು ಅಟ್ಲಾಂಟಾದ ಸ್ಪೆಲ್ಮನ್ ಎನ್ನುವ ಸಣ್ಣ ಕಾಲೇಜಿನಲ್ಲಿ.

ಈಗ ನಿಮ್ಮ ದಿನಚರಿಗೆ ಬರೋಣ. ಹೊಸಬರನ್ನು ಮೊದಲು ಸುಸ್ತು ಮಾಡುವುದು ಪಾಠದ ಹೊರೆ. ದೊಡ್ಡ ರಿಸರ್ಚ್ ಯೂನಿವರ್ಸಿಟಿಯಲ್ಲಿ ವಿಜ್ಞಾನದ ಬೋಧಕರಿಗೆ ಸೆಮಿಸ್ಟರಿಗೆ ಒಂದೋ ಎರಡೋ ಕೋರ್ಸು. ಅನೇಕ ಎಚ್‌ಬಿಸಿಯುಗಳಲ್ಲಿ ಮೂರು, ನಾಲ್ಕು. ಪಿಎಚ್‌ಡಿ ವಿಭಾಗ ಇಲ್ಲದ ಕಡೆ ಟೀಚಿಂಗ್ ಅಸಿಸ್ಟೆಂಟುಗಳೂ ಇರುವುದಿಲ್ಲ. ಲ್ಯಾಬ್ ತಯಾರಿ, ಪೇಪರ್ ತಿದ್ದುವುದು, ಮಕ್ಕಳಿಗೆ ಸಲಹೆ, ಕಮಿಟಿ, ಎಲ್ಲ ನಿಮ್ಮದೇ. ಸಂಬಳವೂ ಸಾಮಾನ್ಯವಾಗಿ ಒಂಬತ್ತು ತಿಂಗಳಿನದು. ಬೇಸಿಗೆಯ ಸಂಬಳ ಬೇಕೆಂದರೆ ನೀವೇ ಗ್ರಾಂಟ್ (ಸಂಶೋಧನಾ ಅನುದಾನ) ತರಬೇಕು, ಇಲ್ಲವೇ ಬೇಸಿಗೆ ಪಾಠ ಮಾಡಬೇಕು. ಬೇಸಿಗೆ ಪಾಠ ಒಪ್ಪಿಕೊಂಡರೆ ಪ್ರಪೋಸಲ್, ಅಂದರೆ ಗ್ರಾಂಟಿನ ಅರ್ಜಿ ಬರೆಯುವ ಸಮಯ ಹೋಯಿತು.

ಇದಕ್ಕೆ ಇರುವ ಪರಿಹಾರ ಕೋರ್ಸ್ ರಿಲೀಸ್. ಗ್ರಾಂಟಿನಲ್ಲಿ ನಿಮ್ಮ ಸಂಬಳದ ಒಂದು ಪಾಲು ಕೇಳುತ್ತೀರಿ. ಅದು ಸಿಕ್ಕರೆ ಆ ದುಡ್ಡಿನಲ್ಲಿ ಕಾಲೇಜು ಬೇರೆಯವರಿಂದ ನಿಮ್ಮ ಒಂದು ಕೋರ್ಸು ಮಾಡಿಸುತ್ತದೆ. ಕೇಳೋಕೆ ಸುಲಭ. ಆದರೆ ಸಣ್ಣ ಊರಿನ ಕಾಲೇಜಿನಲ್ಲಿ ಫಿಸಿಕಲ್ ಕೆಮಿಸ್ಟ್ರಿ ಪಾಠ ಮಾಡಲು ಅರೆಕಾಲಿಕ ಮೇಷ್ಟ್ರು ಸಿಗುವುದೇ ಇಲ್ಲ. ದುಡ್ಡು ಇರುತ್ತದೆ, ಕೋರ್ಸು ಮತ್ತೆ ನಿಮ್ಮ ತಲೆಗೇ ಬರುತ್ತದೆ. ಅದಕ್ಕೆ ರಿಲೀಸ್ ಕೇಳುವಾಗ "ನನ್ನ ಬದಲು ಯಾರು ಪಾಠ ಮಾಡುತ್ತಾರೆ" ಅಂತಲೂ ಕೇಳಿ, ವಿಭಾಗದ ಮುಖ್ಯಸ್ಥರಿಂದ ಉತ್ತರವನ್ನು ಬರವಣಿಗೆಯಲ್ಲೇ ತೆಗೆದುಕೊಳ್ಳಿ.

ದುಡ್ಡಿನ ದಾರಿಗಳು ಹಲವು. ಎಚ್‌ಬಿಸಿಯುಗಳಿಗೆಂದೇ ಇರುವ ಫೆಡರಲ್ (ಕೇಂದ್ರ ಸರ್ಕಾರದ) ದುಡ್ಡಿನಲ್ಲಿ ಕ್ಯಾಂಪಸ್ಸಿನ ಪ್ರತಿಯೊಬ್ಬರ ಬಾಯಲ್ಲೂ ಬರುವ ಹೆಸರು ಟೈಟಲ್ ತ್ರೀ. 1965ರ ಅದೇ ಕಾಯ್ದೆಯ ಮೂರನೇ ಅಧ್ಯಾಯದಿಂದ ಬರುವ ಹಣ ಇದು. ಇದಕ್ಕೆ ದೇಶದ ಬೇರೆ ಕಾಲೇಜುಗಳ ಜತೆ ಪೈಪೋಟಿ ಮಾಡಬೇಕಿಲ್ಲ, ಸೂತ್ರದ ಪ್ರಕಾರ ಕಾಲೇಜಿಗೇ ಬರುತ್ತದೆ. ಲ್ಯಾಬ್ ಉಪಕರಣ ಕೊಳ್ಳಲು, ಪಿಎಚ್‌ಡಿ ಇಲ್ಲದ ಬೋಧಕರು ಓದು ಮುಗಿಸಲು, ತರಬೇತಿ ನಡೆಸಲು ಕಾನೂನಿನಲ್ಲೇ ಅವಕಾಶ ಇದೆ. ಪ್ರತಿ ಕಾಲೇಜಿನಲ್ಲೂ ಟೈಟಲ್ ತ್ರೀ ನಿರ್ದೇಶಕರು ಅಂತ ಒಬ್ಬರಿರುತ್ತಾರೆ. ಹೊಸ ಬೋಧಕರಲ್ಲಿ ಬಹಳ ಜನ ಅವರ ಬಾಗಿಲು ತಟ್ಟುವುದೇ ಇಲ್ಲ. ಸೇರಿದ ಮೊದಲ ತಿಂಗಳಲ್ಲೇ ಹೋಗಿ ಮಾತಾಡಿಸಿ.

1890 ಸಂಸ್ಥೆಗಳಲ್ಲಾದರೆ ಕೃಷಿ ಇಲಾಖೆಯ ಇವಾನ್ಸ್-ಆಲೆನ್ ಹಣ ಉಂಟು. ಅದು 1977ರಿಂದ ನಡೆದುಬಂದಿದೆ, ಕೃಷಿ ಸಂಶೋಧನೆಗೆ ಮೀಸಲು. ವಿಜ್ಞಾನ ಸಂಶೋಧನೆಗೆ ದುಡ್ಡು ಕೊಡುವ ಫೆಡರಲ್ ಸಂಸ್ಥೆ ಎನ್‌ಎಸ್‌ಎಫ್‌ನವರು ಎಚ್‌ಬಿಸಿಯು-ಯುಪಿ ಎನ್ನುವ ಕಾರ್ಯಕ್ರಮವನ್ನು 1998ರಲ್ಲಿ ಶುರು ಮಾಡಿದರು. ಸಂಶೋಧನೆ ಆಗತಾನೆ ಶುರು ಮಾಡುವ ಬೋಧಕರಿಗೆ ಸಣ್ಣ ಅನುದಾನವೂ ಅದರಡಿ ಬಂದಿದೆ. ಆರೋಗ್ಯ ಸಂಶೋಧನೆಗೆ ದುಡ್ಡು ಕೊಡುವ ಫೆಡರಲ್ ಸಂಸ್ಥೆ ಎನ್‌ಐಎಚ್‌ನ ಆರ್‌ಸಿಎಂಐ ಎನ್ನುವ ಕಾರ್ಯಕ್ರಮ 1985ರಿಂದ ಇದೆ. ಅದು ಒಬ್ಬ ಮೇಷ್ಟ್ರಿಗೆ ಕೊಡುವ ದುಡ್ಡಲ್ಲ, ಇಡೀ ಕೇಂದ್ರವನ್ನೇ ಕಟ್ಟುವ ದುಡ್ಡು. ಆದರೆ ಒಂದು ಎಚ್ಚರಿಕೆ. 2025ರಲ್ಲಿ ಫೆಡರಲ್ ಸಂಸ್ಥೆಗಳು ಹಲವು ಅನುದಾನಗಳನ್ನು ನಡುವೆಯೇ ರದ್ದು ಮಾಡಿದವು, ಕೆಲವು ತರಬೇತಿ ಕಾರ್ಯಕ್ರಮಗಳನ್ನು ನಿಲ್ಲಿಸಿಯೇಬಿಟ್ಟವು. ಹಿರಿಯರು ಹೇಳಿದ ಹೆಸರನ್ನು ನಂಬಿ ಕೂರಬೇಡಿ. ಈ ವರ್ಷದ ಪ್ರಕಟಣೆ ಬಂದಿದೆಯಾ ಅಂತ ನೋಡಿ, ಕಾರ್ಯಕ್ರಮದ ಅಧಿಕಾರಿಗೇ ಮೇಲ್ ಬರೆಯಿರಿ. ಅವರು ಉತ್ತರ ಕೊಡುತ್ತಾರೆ, ಅದು ಅವರ ಕೆಲಸದ ಭಾಗ. ನಮ್ಮವರು ಸಂಕೋಚದಿಂದ ಇದನ್ನು ಮಾಡುವುದಿಲ್ಲ.

ನೀವು ಪ್ರಜೆಯಲ್ಲ ಅನ್ನುವುದು ಎನ್‌ಎಸ್‌ಎಫ್ ಸಂಶೋಧನಾ ಅನುದಾನಕ್ಕೆ ಸಾಮಾನ್ಯವಾಗಿ ಅಡ್ಡಿಯಾಗುವುದಿಲ್ಲ. ಯಾಕೆಂದರೆ ಅರ್ಜಿ ಹಾಕುವುದು ಕಾಲೇಜು. ಆದರೆ ಸರ್ಕಾರಿ ಲ್ಯಾಬುಗಳ ಬೇಸಿಗೆ ಫೆಲೋಶಿಪ್ಪುಗಳಲ್ಲಿ ಅನೇಕಕ್ಕೆ ಪೌರತ್ವ ಅಥವಾ ಗ್ರೀನ್ ಕಾರ್ಡ್ ಬೇಕು. ಮೊದಲೇ ಓದಿಕೊಳ್ಳಿ.

ಇನ್ನು ಓವರ್‌ಹೆಡ್. ಗ್ರಾಂಟ್ ಬಂದಾಗ ಸಂಶೋಧನೆಯ ನೇರ ಖರ್ಚಿನ ಮೇಲೆ ಒಂದಿಷ್ಟು ಶೇಕಡಾ ಕಾಲೇಜಿಗೂ ಹೋಗುತ್ತದೆ. ಕರೆಂಟು, ಕಟ್ಟಡ, ಲೆಕ್ಕಪತ್ರದ ಸಿಬ್ಬಂದಿ, ಎಲ್ಲದಕ್ಕೂ ಅದೇ ಆಧಾರ. ಗ್ರಾಂಟ್ ಕಡಿಮೆ ಬರುವ ಕಾಲೇಜಿಗೆ ಓವರ್‌ಹೆಡ್ ಕಡಿಮೆ. ಓವರ್‌ಹೆಡ್ ಕಡಿಮೆಯಾದರೆ ಗ್ರಾಂಟ್ ಆಫೀಸಿನಲ್ಲಿ ಇಬ್ಬರೋ ಮೂವರೋ. ಆ ಇಬ್ಬರೇ ಎಲ್ಲ ವಿಭಾಗದ ಬಜೆಟ್, ಬಿಲ್ಲು, ವರದಿ ನೋಡಬೇಕು. ಹಾಗಾಗಿ ಮತ್ತೆ ಗ್ರಾಂಟ್ ಕಡಿಮೆ. ಸಂಶೋಧನಾ ಸಾಮರ್ಥ್ಯ ಬೆಳೆಸುವುದು ಅಂದರೆ ಮುಖ್ಯವಾಗಿ ಈ ಸುತ್ತನ್ನು ಮುರಿಯುವುದು. ಹೊಸ ಮೈಕ್ರೋಸ್ಕೋಪ್ ಬಂತು ಅಂತ ಫೋಟೋ ತೆಗೆಸಿಕೊಳ್ಳುವುದು ಸುಲಭ. ಅದರ ಸರ್ವೀಸ್ ಕರಾರಿಗೆ ದುಡ್ಡು, ಅದನ್ನು ನಡೆಸುವ ಟೆಕ್ನಿಷಿಯನ್‌ಗೆ ಸಂಬಳ, ಬಿಲ್ಲು ಸಮಯಕ್ಕೆ ಪಾಸ್ ಮಾಡುವ ಗುಮಾಸ್ತರು, ಇವೆಲ್ಲ ಇದ್ದಾಗ ಮಾತ್ರ ಐದು ವರ್ಷದ ಮೇಲೂ ಅದು ಕೆಲಸ ಮಾಡುತ್ತದೆ.

ತರಬೇತಿಯ ಮಾತು. ಪ್ರಪೋಸಲ್ ಬರೆಯುವುದು ಕಲಿತರೆ ಬರುವ ವಿದ್ಯೆ. ವಾಷಿಂಗ್ಟನ್ನಿನ ಕ್ಯೂಇಎಂ ನೆಟ್‌ವರ್ಕ್ ಎನ್‌ಎಸ್‌ಎಫ್ ಅರ್ಜಿ ಬರೆಯುವ ಕಾರ್ಯಾಗಾರಗಳನ್ನು ಇಂಥ ಕಾಲೇಜುಗಳ ಬೋಧಕರಿಗಾಗಿಯೇ ನಡೆಸಿಕೊಂಡು ಬಂದಿದೆ. ಎಚ್‌ಬಿಸಿಯು ಫ್ಯಾಕಲ್ಟಿ ಡೆವಲಪ್‌ಮೆಂಟ್ ನೆಟ್‌ವರ್ಕ್ ಪಾಠ ಕಲಿಸುವ ವಿಧಾನಗಳ ಬಗ್ಗೆ ಸಮ್ಮೇಳನ ಮಾಡುತ್ತದೆ. ಆದರೆ ಇವೆಲ್ಲಕ್ಕಿಂತ ಜಾಸ್ತಿ ಕಲಿಸುವುದು ರಿವ್ಯೂ ಪ್ಯಾನೆಲ್. ಅರ್ಜಿಗಳನ್ನು ಓದಿ ಅಂಕ ಕೊಡುವ ಕೆಲಸಕ್ಕೆ ನೀವೇ ಹೆಸರು ಕೊಡಬಹುದು. ಬೇರೆಯವರ ಹತ್ತಿಪ್ಪತ್ತು ಅರ್ಜಿ ಓದಿದರೆ ನಿಮ್ಮದು ಎಲ್ಲಿ ಎಡವುತ್ತಿದೆ ಅಂತ ತಾನಾಗಿಯೇ ಕಾಣುತ್ತದೆ.

ದೊಡ್ಡ ಯೂನಿವರ್ಸಿಟಿಗಳ ಜತೆ ಸೇರಿ ಕೆಲಸ ಮಾಡುವ ಅವಕಾಶ ಬಂದೇ ಬರುತ್ತದೆ. ಇದರಲ್ಲಿ ಒಳ್ಳೆಯದೂ ಇದೆ, ಕೆಟ್ಟದ್ದೂ ಇದೆ. ಒಳ್ಳೆಯದಕ್ಕೆ ನ್ಯಾಶ್‌ವಿಲ್‌ನ ಫಿಸ್ಕ್ ಮತ್ತು ವ್ಯಾಂಡರ್‌ಬಿಲ್ಟ್ 2004ರಲ್ಲಿ ಶುರು ಮಾಡಿದ ಸೇತುವೆ ಕಾರ್ಯಕ್ರಮವೇ ಉದಾಹರಣೆ. ವಿದ್ಯಾರ್ಥಿ ಫಿಸ್ಕ್‌ನಲ್ಲಿ ಮಾಸ್ಟರ್ಸ್ ಮಾಡುತ್ತಾನೆ, ಎರಡೂ ಕಡೆಯ ಮೇಷ್ಟ್ರು ಅವನನ್ನು ನೋಡಿಕೊಳ್ಳುತ್ತಾರೆ, ಮುಂದೆ ಪಿಎಚ್‌ಡಿಗೆ ಹೋಗುತ್ತಾನೆ. 2023ರಲ್ಲಿ ಹೊವಾರ್ಡ್‌ಗೆ ವಾಯುಪಡೆ ಐದು ವರ್ಷಕ್ಕೆ 9 ಕೋಟಿ ಡಾಲರಿನ ಸಂಶೋಧನಾ ಕೇಂದ್ರ ಕೊಟ್ಟಿತು. ಅಲ್ಲಿ ಮುಂದಾಳು ಹೊವಾರ್ಡೇ, ಜತೆಗಿರುವ ಸಂಸ್ಥೆಗಳೂ ಎಚ್‌ಬಿಸಿಯುಗಳೇ. ಕೆಟ್ಟದ್ದು ಹೀಗಿರುತ್ತದೆ: ಅರ್ಜಿಯ ಗಡುವಿಗೆ ನಾಲ್ಕು ದಿನ ಇರುವಾಗ ದೊಡ್ಡ ಕಡೆಯಿಂದ ಮೇಲ್ ಬರುತ್ತದೆ, "ನಿಮ್ಮ ಕಾಲೇಜಿನ ಒಂದು ಬೆಂಬಲ ಪತ್ರ ಬೇಕಿತ್ತು" ಅಂತ. ಬಜೆಟ್ಟಿನಲ್ಲಿ ನಿಮಗೆ ಏನೂ ಇರುವುದಿಲ್ಲ. ಅಂಥದಕ್ಕೆ ಮರ್ಯಾದೆಯಿಂದಲೇ ಇಲ್ಲ ಅನ್ನಿ. ಗ್ರಾಂಟಿನಲ್ಲಿ ನಿಮ್ಮ ಕಾಲೇಜಿಗೇ ಬರುವ ಪಾಲು (ಉಪ-ಅನುದಾನ), ಅದರ ಓವರ್‌ಹೆಡ್, ನಿಮ್ಮ ವಿದ್ಯಾರ್ಥಿಗಳಿಗೆ ಸ್ಟೈಪೆಂಡ್, ಪ್ರಬಂಧದಲ್ಲಿ ಹೆಸರು, ಇವು ಕಾಗದದಲ್ಲಿ ಇದ್ದರೆ ಮಾತ್ರ ಕೈ ಜೋಡಿಸಿ.

ಜನರ ಮೇಲೆ ಅಧ್ಯಯನ ಮಾಡುವವರಾದರೆ ಇನ್ನೊಂದು ವಿಷಯ. ಅಲಬಾಮಾದ ಮೇಕನ್ ಕೌಂಟಿಯಲ್ಲಿ 1932ರಿಂದ 1972ರವರೆಗೆ ಸರ್ಕಾರದ ಆರೋಗ್ಯ ಸೇವೆಯವರು ಸಿಫಿಲಿಸ್ ಇದ್ದ ಕಪ್ಪು ಗಂಡಸರಿಗೆ ಚಿಕಿತ್ಸೆ ಕೊಡದೆ ಸುಮ್ನೆ ಗಮನಿಸುತ್ತಾ ಕೂತರು. ಪೆನ್ಸಿಲಿನ್ ಬಂದ ಮೇಲೂ ಕೊಡಲಿಲ್ಲ. ಅಲ್ಲಿನ ಮನೆಗಳಲ್ಲಿ ಇದು ಇವತ್ತಿಗೂ ಹಸಿ ನೆನಪು. ನೈತಿಕ ಸಮಿತಿಯ ಫಾರಂ ತುಂಬಿಸಿದರೆ ಜನರ ನಂಬಿಕೆ ಬಂದುಬಿಡುವುದಿಲ್ಲ. ಚರ್ಚಿನ ಹಿರಿಯರನ್ನು, ಊರಿನವರನ್ನು ಮೊದಲೇ ಕಂಡು ಮಾತಾಡಿ.

ಮೈಸೂರಿನ ಒಂದು ಕಥೆ ಇಲ್ಲಿ ಹೇಳಲೇಬೇಕು. ಬೆಂಜಮಿನ್ ಮೇಸ್ ಆಗ ಹೊವಾರ್ಡ್‌ನಲ್ಲಿ ಧರ್ಮಶಾಸ್ತ್ರದ ಡೀನ್. 1937ರ ಆರಂಭದಲ್ಲಿ ವೈಎಂಸಿಎ ವಿಶ್ವ ಸಮ್ಮೇಳನಕ್ಕೆ ಮೈಸೂರಿಗೆ ಬಂದಿದ್ದರು. ಅಸ್ಪೃಶ್ಯರೆನಿಸಿಕೊಂಡ ಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯರು ಅವರನ್ನು ಕರೆದು, ದೊಡ್ಡ ಸ್ಥಾನಕ್ಕೇರಿದ ಅಮೆರಿಕದ ಅಸ್ಪೃಶ್ಯರು ಅಂತ ಮಕ್ಕಳಿಗೆ ಪರಿಚಯಿಸಿದರು. ಮೇಸ್ ಮೊದಲು ಬೆಚ್ಚಿದರು. ಆಮೇಲೆ ಅದು ನಿಜವೇ ಅಂತ ಒಪ್ಪಿಕೊಂಡರು. 1940ರಲ್ಲಿ ಅವರು ಅಟ್ಲಾಂಟಾದ ಮೋರ್‌ಹೌಸ್ ಕಾಲೇಜಿನ ಅಧ್ಯಕ್ಷರಾದರು, 27 ವರ್ಷ ಅದನ್ನು ಕಟ್ಟಿದರು. ಮಾರ್ಟಿನ್ ಲೂಥರ್ ಕಿಂಗ್ ಅಲ್ಲಿ ಓದಿದವರು. ಜಾತಿ ಅಂದರೆ ಏನು ಅಂತ ಬಲ್ಲ ನಾಡಿನಿಂದ ಹೋದ ನಾವು ಈ ಕ್ಯಾಂಪಸ್ಸುಗಳಲ್ಲಿ ಹೊರಗಿನವರ ಹಾಗೆ ಇರಬೇಕಿಲ್ಲ.

ವೀಸಾ ಬಗ್ಗೆ ಚುಟುಕಾಗಿ. ವಿಶ್ವವಿದ್ಯಾಲಯಗಳ ಎಚ್-1ಬಿಗೆ ಲಾಟರಿ ಇಲ್ಲ. 2025ರ ಸೆಪ್ಟೆಂಬರಿನ ಘೋಷಣೆಯಿಂದ ಹೊರದೇಶದಲ್ಲಿರುವವರ ಹೊಸ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ಬಂತು. ಸಣ್ಣ ಕಾಲೇಜಿಗೆ ಅದು ಆಗದ ಮಾತು, ಹಾಗಾಗಿ ನಿಮ್ಮ ಈಗಿನ ಸ್ಥಿತಿ ಏನು ಅಂತ ವಕೀಲರ ಹತ್ತಿರ ಮೊದಲು ಕೇಳಿ. ಗ್ರೀನ್ ಕಾರ್ಡಿಗೆ ಬೋಧಕರಿಗೆಂದೇ ಒಂದು ಅನುಕೂಲದ ದಾರಿ ಇದೆ. ನಿಮ್ಮನ್ನು ಆಯ್ಕೆ ಮಾಡಿದ 18 ತಿಂಗಳೊಳಗೆ ಕಾಲೇಜು ಆ ಅರ್ಜಿ ಹಾಕಬೇಕು. ಎಷ್ಟೋ ಕಡೆ ಈ ಗಡುವು ಯಾರ ಗಮನಕ್ಕೂ ಬರುವುದಿಲ್ಲ. ನೀವೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ಸಂದರ್ಶನಕ್ಕೆ ಹೋದಾಗ ಡೀನ್ ಜತೆ ಮಾತು ಮುಗಿದ ಮೇಲೆ ಗ್ರಾಂಟ್ ಆಫೀಸಿಗೆ ಹೋಗಲು ಅರ್ಧ ಗಂಟೆ ಕೇಳಿ. ಅಲ್ಲಿ ಎಷ್ಟು ಜನ ಇದ್ದಾರೆ, ಒಂದು ಕೆಮಿಕಲ್ ಆರ್ಡರ್ ಮಾಡಿದರೆ ಕೈಗೆ ಸಿಗಲು ಎಷ್ಟು ದಿನ, ಪ್ರಪೋಸಲ್ ಕಳಿಸುವ ಎಷ್ಟು ದಿನ ಮುಂಚೆ ಅವರಿಗೆ ಬಜೆಟ್ ಬೇಕು ಅಂತ ಕೇಳಿ. ಆಮೇಲೆ ಇತ್ತೀಚೆಗೆ ಗ್ರಾಂಟ್ ತಂದ ಕಿರಿಯ ಬೋಧಕರೊಬ್ಬರ ಹೆಸರು ಕೇಳಿ, ಅವರಿಗೇ ಫೋನ್ ಮಾಡಿ. ಅವರಿಗೆ ಸಿಕ್ಕ ಕೋರ್ಸ್ ರಿಲೀಸ್ ನಿಜವಾಗಿ ಸಿಕ್ಕಿತಾ, ಎಷ್ಟು ಸೆಮಿಸ್ಟರ್ ಸಿಕ್ಕಿತು ಅಂತ ಅವರೇ ಹೇಳುತ್ತಾರೆ. ಲ್ಯಾಬ್ ಶುರು ಮಾಡಲು ಕಾಲೇಜು ಕೊಡುವ ಸ್ಟಾರ್ಟ್‌ಅಪ್ ಹಣ, ಮೊದಲ ಎರಡು ವರ್ಷದ ಪಾಠದ ಹೊರೆ, ಬೇಸಿಗೆಯ ಒಂದು ತಿಂಗಳ ಸಂಬಳ, ಇವು ಮೂರೂ ಆಫರ್ ಪತ್ರದಲ್ಲಿ ಅಂಕಿ ಸಮೇತ ಬರುವವರೆಗೆ ಸಹಿ ಹಾಕಬೇಡಿ.